ಅಪ್‌ಡೇಟ್: ಅಂಗಡಿ, ಆನ್‌ಲೈನ್, ಮೇಳ ಮೂರಕ್ಕೂ ಒಂದೇ ಸ್ಟಾಕ್

ಒಂದೇ ಇಳಕಲ್ ಸೀರೆ ಮೇಳದ ಸ್ಟಾಲ್‌ನಲ್ಲೂ ಆನ್‌ಲೈನ್‌ನಲ್ಲೂ ಮಾರಾಟವಾಗಿಬಿಟ್ಟಿದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೈಮಗ್ಗದ ಸೀರೆ ಒಂದೊಂದೂ ಬೇರೆ. ಅದೇ ಒಡಲು, ಅದೇ ಚಿಕ್ಕಿ ಪರಾಸ್ ಅಂಚು ಬೇಕು ಅಂದರೆ ಇನ್ನೊಂದು ಸಿಗಲ್ಲ. ಹಾಗಾಗಿ ಈಗ ಪ್ರತಿ ಸೀರೆಗೂ ಒಂದು ನಂಬರ್, ಒಂದು ಬಾರ್‌ಕೋಡ್ ಚೀಟಿ. ಅದನ್ನು ಮಡಿಕೆಗೆ ದಾರದಲ್ಲಿ ಸುತ್ತಿ ಕಟ್ಟುತ್ತೇವೆ. ಪಿನ್ ಚುಚ್ಚಿದರೆ ಸೆರಗಿನ ರೇಷ್ಮೆ ಎಳೆ ಹಾಳಾಗುತ್ತದೆ, ಅಲ್ವಾ.

ಸ್ಟಾಕ್ ಸಾಫ್ಟ್‌ವೇರ್‌ನಲ್ಲಿ ಮೇಳವನ್ನೇ ಬೇರೆ ಲೊಕೇಶನ್ (ಸ್ಟಾಕ್ ಇರುವ ಜಾಗ) ಮಾಡಿದ್ದು ಜಾಸ್ತಿ ಉಪಯೋಗವಾಯಿತು. ಹಿಂದಿನ ರಾತ್ರಿ ಗಂಟು ಕಟ್ಟುವಾಗಲೇ 40 ಸೀರೆ ಅಲ್ಲಿಗೆ ಟ್ರಾನ್ಸ್‌ಫರ್. ಅಷ್ಟೂ ಆನ್‌ಲೈನ್‌ನಿಂದ ಮರೆಯಾಗುತ್ತವೆ. ಸ್ಟಾಲ್‌ನಲ್ಲಿ ನೆಟ್‌ವರ್ಕ್ ಹೋದರೂ ಗಾಬರಿ ಇಲ್ಲ. ಮಾರಿದ ಸೀರೆಯ ಚೀಟಿ ಸ್ಟೀಲ್ ಡಬ್ಬಿಗೆ ಬೀಳುತ್ತದೆ, ರಾತ್ರಿ ಎಂಟ್ರಿ.

ಸೇಫ್ಟಿ ಸ್ಟಾಕ್, ಅಂದರೆ ಆನ್‌ಲೈನ್‌ನಲ್ಲಿ ತೋರಿಸದೆ ಎತ್ತಿಡುವ ಒಂದೆರಡು ಪೀಸ್, ಇಡಿ ಅಂದಿದ್ದಿರಿ. ಒಂದೇ ಪೀಸ್ ಇರುವ ಕಡೆ ಅದು ಆಗಲ್ಲ. ಖಣದ ಬ್ಲೌಸ್ ಪೀಸ್‌ಗೆ ಮಾತ್ರ 2 ಇಟ್ಟಿದ್ದೇವೆ.

ಎರಡು ಮೇಳ ಮುಗಿದವು, ಡಬಲ್ ಮಾರಾಟ ಒಂದೂ ಆಗಿಲ್ಲ. ಅಂಗಡಿಯಲ್ಲಿ ಗಿರಾಕಿ ಸೀರೆ ಹೆಗಲ ಮೇಲೆ ಹಾಕಿ ನೋಡುತ್ತಿರುವಾಗಲೇ ಆರ್ಡರ್ ಬರುವುದೊಂದು ಉಳಿದಿದೆ. ಸದ್ಯಕ್ಕೆ ಸೀರೆ ಬಿಚ್ಚಿದ ಕೂಡಲೇ ಹೋಲ್ಡ್ ಒತ್ತಿ ಅದರ ಆನ್‌ಲೈನ್ ಮಾರಾಟ ತಡೆಯುತ್ತಿದ್ದೇವೆ.