ಹಳ್ಳಿಯಲ್ಲಿ ಮಕ್ಕಳ ಆಶ್ರಮ ಶುರು ಮಾಡುವ ಮುನ್ನ: ನಡೆಸಿ ಬಲ್ಲವರ ಸಲಹೆ

ಕೇಳಿದ್ದು: ಪಾವಗಡ ತಾಲ್ಲೂಕಿನ ನಮ್ಮ ಊರಲ್ಲಿ ತಾತನ ಕಾಲದ ದೊಡ್ಡ ಮನೆ ಖಾಲಿ ಇದೆ. ಟ್ರಸ್ಟ್ ನೋಂದಣಿ ಆಗಿದೆ. ಅಪ್ಪ ಅಮ್ಮ ಇಲ್ಲದ ಮಕ್ಕಳಿಗೆ, ಅಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಅಜ್ಜಿ ಜೊತೆ ಉಳಿದ ಮಕ್ಕಳಿಗೆ, ಒಟ್ಟು 25 ಜನಕ್ಕೆ ಆಶ್ರಮ ನಡೆಸುವ ಆಸೆ. ಸುದ್ದಿ ತಿಳಿದು ಊರವರು ಆಗಲೇ ಇಬ್ಬರನ್ನು ತಂದು ಬಿಟ್ಟಿದ್ದಾರೆ. ಎಲ್ಲಿಂದ ಶುರು ಮಾಡಲಿ?

ನೋಂದಣಿ, ದಾಖಲೆ ಬಲ್ಲವರು: ಆ ಇಬ್ಬರಿಂದಲೇ ಶುರು ಮಾಡಿ ಸರ್. ಈಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಪೋಷಕರ ಆಸರೆ ಇಲ್ಲದ ಮಗುವನ್ನು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕು ಅನ್ನುವುದು ಸಮಿತಿಯ ಆದೇಶ. ಗ್ರಾಮ ಪಂಚಾಯಿತಿ ಸದಸ್ಯರ ಚೀಟಿ, ಅಜ್ಜಿಯ ಹೆಬ್ಬೆಟ್ಟು ಯಾವುದೂ ಅದರ ಬದಲಿಗೆ ನಡೆಯದು.

ಟ್ರಸ್ಟ್ ನೋಂದಣಿ ಬೇರೆ, ಮಕ್ಕಳನ್ನು ಇಟ್ಟುಕೊಳ್ಳುವ ನೋಂದಣಿ ಬೇರೆ. ಹೆಚ್ಚಿನವರು ಎಡವುವುದು ಇಲ್ಲೇ. 2015ರ ಬಾಲನ್ಯಾಯ ಕಾಯ್ದೆಯ 41ನೇ ಕಲಂ ಪ್ರಕಾರ ನೋಂದಣಿ ಕಡ್ಡಾಯ. ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಅರ್ಜಿಯ ನಮೂನೆ ಕೇಳಿ. ಮೊದಲು ಸಿಗುವುದು ಹೆಚ್ಚೆಂದರೆ ಆರು ತಿಂಗಳ ತಾತ್ಕಾಲಿಕ ನೋಂದಣಿ, ಪೂರ್ಣ ನೋಂದಣಿ ಐದು ವರ್ಷಕ್ಕೆ. ಗಂಡು ಮಕ್ಕಳಿಗೋ ಹೆಣ್ಣು ಮಕ್ಕಳಿಗೋ ಅನ್ನುವುದನ್ನು ಅರ್ಜಿಗೆ ಮೊದಲೇ ನಿರ್ಧರಿಸಿ. ಸಿಬ್ಬಂದಿ, ಬಚ್ಚಲು, ಮಲಗುವ ಕೋಣೆ ಎಲ್ಲ ಅದರ ಮೇಲೆ ನಿಂತಿದೆ.

ಕುಟುಂಬಗಳ ನಡುವೆ ಕೆಲಸ ಮಾಡುವವರು: ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಗಾರೆ ಕೆಲಸಕ್ಕೆ ಹೋದವರ ಮಕ್ಕಳಿಗೆ ಆಶ್ರಮ ಬೇಡ. ಅಜ್ಜಿ ಇದ್ದಾಳೆ, ಮನೆ ಇದೆ, ಇಲ್ಲದ್ದು ದುಡ್ಡು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಅಂತ ಕಾಯ್ದೆಯೇ ಹೇಳುತ್ತದೆ. ಮಕ್ಕಳ ರಕ್ಷಣೆಗೆ ಇರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಅರ್ಹ ಮಗುವಿಗೆ ಮನೆಯಲ್ಲೇ ಇರುವಂತೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಗಂಡ ತೀರಿಕೊಂಡ ತಾಯಿಯ ಮಕ್ಕಳಿಗೂ ಇದೇ ದಾರಿ. ಶಾಲೆ ದೂರ ಅನ್ನುವುದೇ ತೊಂದರೆಯಾದರೆ ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳಿವೆ. ಈ ಅರ್ಜಿಗಳನ್ನು ತುಂಬಿಸಿ, ಬ್ಯಾಂಕ್ ಖಾತೆ ಮಾಡಿಸಿ, ತಿಂಗಳಿಗೊಮ್ಮೆ ಅಜ್ಜಿಯನ್ನು ವಿಚಾರಿಸಿಕೊಂಡು ಬರುವ ಒಬ್ಬ ಕಾರ್ಯಕರ್ತೆಯನ್ನು ನಿಮ್ಮ ಟ್ರಸ್ಟ್ ಇಟ್ಟರೆ, 25 ಹಾಸಿಗೆ ಹಾಕುವುದಕ್ಕಿಂತ ಹೆಚ್ಚು ಮಕ್ಕಳಿಗೆ ಆಸರೆಯಾಗುತ್ತದೆ. ನಿಜಕ್ಕೂ ಯಾರೂ ಇಲ್ಲದವರು ಉಳಿದರೆ ಅವರಿಗೆ ನಿಮ್ಮ ಮನೆ.

ಕಟ್ಟಡ, ನೀರು ನೋಡಿಕೊಳ್ಳುವವರು: ಮಲಗುವ ಜಾಗ ಮಗುವಿಗೆ 40 ಚದರಡಿ ಲೆಕ್ಕ, 25 ಮಕ್ಕಳಿಗೆ 1,000 ಚದರಡಿ. ಏಳು ಮಕ್ಕಳಿಗೊಂದು ಶೌಚಾಲಯ, ಹತ್ತು ಮಕ್ಕಳಿಗೊಂದು ಬಚ್ಚಲು. ಅಂದರೆ ನಾಲ್ಕು ಮತ್ತು ಮೂರು. ಹಳೆ ಮನೆಗಳಲ್ಲಿ ಶೌಚಾಲಯ ಹಿತ್ತಲ ಕೊನೆಯಲ್ಲಿರುತ್ತದೆ. ಕತ್ತಲಲ್ಲಿ ಹೆದರಿ ಮಕ್ಕಳು ತಡೆದುಕೊಳ್ಳುತ್ತಾರೆ, ಹಾಸಿಗೆ ಒದ್ದೆಯಾಗುತ್ತದೆ, ಬೈಸಿಕೊಳ್ಳುತ್ತಾರೆ. ಒಂದನ್ನಾದರೂ ಮಲಗುವ ಕೋಣೆಗೆ ಅಂಟಿಸಿ ಕಟ್ಟಿ, ರಾತ್ರಿಯೆಲ್ಲ ದೀಪ ಇರಲಿ. ಒಳಗಿನ ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಾಗಿರಲಿ.

ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು, ಹಾಗಾಗಿ ಬೋರ್‌ವೆಲ್ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸದೆ ಒಂದು ಲೋಟವೂ ಕುಡಿಸಬೇಡಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಕುಡಿಯಲು, ಅಡುಗೆಗೆ ಆರ್‌ಒ ನೀರು ಅಥವಾ ಮಳೆನೀರು, ತೊಳೆಯಲು ಬೋರ್ ನೀರು.

ಅಡುಗೆಮನೆ ನೋಡಿಕೊಳ್ಳುವವರು: ಬಾಲನ್ಯಾಯ ಕಾಯ್ದೆಯ 2016ರ ನಿಯಮಗಳಲ್ಲಿ ದಿನದ ಅಳತೆ ಇದೆ. ಮಗುವಿಗೆ ಅಕ್ಕಿ, ರಾಗಿ, ಜೋಳ, ಗೋಧಿ ಸೇರಿ 600 ಗ್ರಾಂ (16ರಿಂದ 18ರವರಿಗೆ 700), ಬೇಳೆ 120 ಗ್ರಾಂ, ಎಣ್ಣೆ 25 ಗ್ರಾಂ, ಸೊಪ್ಪು 100, ತರಕಾರಿ 130, ಹಾಲು 150 ಮಿಲಿ. 25 ಮಕ್ಕಳಿಗೆ ದಿನಕ್ಕೆ ಧಾನ್ಯ 15 ಕೆಜಿ, ಬೇಳೆ 3 ಕೆಜಿ, ಸೊಪ್ಪು ಎರಡೂವರೆ ಕೆಜಿ. ತಿಂಗಳಿಗೆ ಬೇಳೆಯೇ 90 ಕೆಜಿ. ಎಲ್ಲ ಕಡೆ ಮೊದಲು ಕೈ ಕಚ್ಚುವುದು ಬೇಳೆಯ ಬಾಬ್ತು. ಸಾರು ನೀರಾಗುತ್ತದೆ, ಅನ್ನ ಹೆಚ್ಚುತ್ತದೆ. ಬೇಳೆ ಏರಿದಾಗ ಹುರುಳಿ, ಅಲಸಂದೆ, ಹೆಸರುಕಾಳಿಗೆ ಹೊರಳಿ, ತೂಕ ಮಾತ್ರ ಇಳಿಸಬೇಡಿ.

ಸರ್ಕಾರಿ ಶಾಲೆಗೆ ಹೋಗುವವರಿಗೆ ಅಲ್ಲಿ ಬಿಸಿಯೂಟ, ಹಾಲು ಇರುತ್ತದೆ. ಆದ್ದರಿಂದ ಶಾಲೆಯ ದಿನ, ಭಾನುವಾರ, ದಸರಾ ಮತ್ತು ಬೇಸಿಗೆ ರಜೆ ಅಂತ ಮೂರು ಪಟ್ಟಿ ಬೇಕು. ಒಂದೇ ಪಟ್ಟಿ ಇಟ್ಟವರಿಗೆ ರಜೆಯಲ್ಲಿ ದಿನಸಿ 20ನೇ ತಾರೀಕಿಗೇ ಮುಗಿಯುತ್ತದೆ. ಹುಟ್ಟುಹಬ್ಬಕ್ಕೆ ಊಟ ಹಾಕಿಸುತ್ತೇವೆ ಅನ್ನುವ ದಾನಿಗಳಿಂದ ಬೇಯಿಸಿದ ಅಡುಗೆ ಬೇಡ, ಎಣ್ಣೆ, ಬೇಳೆ, ಮೊಟ್ಟೆ ಕೇಳಿ.

ಆರೋಗ್ಯ ನೋಡಿಕೊಳ್ಳುವವರು: ಕಜ್ಜಿ ಬಂದೇ ಬರುತ್ತದೆ. ತುರಿಸಿಕೊಳ್ಳುವ ಇಬ್ಬರಿಗಷ್ಟೇ ಮುಲಾಮು ಹಚ್ಚುವುದರಿಂದಲೇ ಅದು ಮರಳುವುದು. ಹುಳು ಹೊಕ್ಕ ಮೇಲೆ ತುರಿಕೆ ಕಾಣಲು ವಾರಗಳೇ ಬೇಕು. ವೈದ್ಯರನ್ನು ಕೇಳಿ ಎಲ್ಲ ಮಕ್ಕಳಿಗೂ, ಅಡುಗೆಯವರಿಗೂ, ವಾರ್ಡನ್‌ಗೂ ಒಂದೇ ರಾತ್ರಿ ಶೇ. 5ರ ಪರ್ಮೆಥ್ರಿನ್ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, ವಾರದ ನಂತರ ಮತ್ತೊಮ್ಮೆ. ಬೆಳಿಗ್ಗೆ ಬಟ್ಟೆ, ಹೊದಿಕೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಕಟ್ಟಿಡಿ. ಪ್ರತಿ ಮಗುವಿಗೂ ಹೆಸರು ಹೊಲಿದ ಸ್ವಂತ ಟವೆಲ್ಲು, ಬಾಚಣಿಗೆ ಇರಲಿ.

ಕಬ್ಬಿಣಾಂಶದ ಮಾತ್ರೆ ಶಾಲೆಯಲ್ಲಿ ಕೊಡುತ್ತಾರೆ. ಊಟವಾದ ಮೇಲೆ ನುಂಗಿಸಿ, ಹಿಂದೆಯೇ ಟೀ ಕೊಡಬೇಡಿ. ತಿಂಗಳ ತಪಾಸಣೆಯಲ್ಲಿ ಎತ್ತರ, ತೂಕ ಬರೆದಿಡಿ. ಎರಡು ತಿಂಗಳು ತೂಕ ಏರದ ಮಗುವನ್ನು ವೈದ್ಯರಿಗೆ ತೋರಿಸಿ.

ಮಕ್ಕಳ ಸುರಕ್ಷತೆ ನೋಡಿಕೊಳ್ಳುವವರು: ಅಡುಗೆಮನೆಯವರು ದಾನಿಗಳ ಮಾತೆತ್ತಿದರು, ಅದಕ್ಕೆ ಸೇರಿಸುತ್ತೇನೆ. ದಾನಿಗಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಫೋಟೊ ಎಲ್ಲೂ ಹಾಕುವಂತಿಲ್ಲ. ಗುರುತು ಬಯಲು ಮಾಡಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ. ಅದಕ್ಕಿಂತ ಮುಖ್ಯ, ಕೈಚಾಚಿ ನಿಂತ ಆ ಚಿತ್ರ ನಾಳೆ ಶಾಲೆಯಲ್ಲಿ ಆ ಮಗುವಿನ ಎದುರೇ ಬರುತ್ತದೆ. ದಾನಿಗಳಿಗೆ ಹೊಸ ಬಚ್ಚಲಿನ ಫೋಟೊ ಕಳಿಸಿ, ರಸೀದಿ ಕೊಡಿ.

ಸಂದರ್ಶಕರು ಮಗುವಿನೊಡನೆ ಒಂಟಿಯಾಗಿ ಕೂರುವುದು, ಹೊರಗೆ ಕರೆದೊಯ್ಯುವುದು ಬೇಡ. ಸಲಹಾ ಪೆಟ್ಟಿಗೆ ಮಕ್ಕಳ ಕೈಗೆಟುಕಲಿ, ಬೀಗದ ಕೈ ಸಿಬ್ಬಂದಿ ಹತ್ತಿರ ಇರಬಾರದು. ಹೊಡೆಯುವುದು ಅಪರಾಧ. ಊಟ ತಪ್ಪಿಸುವ ಶಿಕ್ಷೆಯೂ ಬೇಡ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಒಳಗೇ ವಿಚಾರಣೆ ಮಾಡುತ್ತ ಕೂರಬೇಡಿ. ಪೋಕ್ಸೊ ಕಾಯ್ದೆಯಂತೆ ನೇರ ಪೊಲೀಸರಿಗೆ ತಿಳಿಸಬೇಕು, ಸಿಬ್ಬಂದಿಯ ತಪ್ಪನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೂ ಜೈಲಿದೆ. ಮಗುವನ್ನು ಪದೇ ಪದೇ ಕೇಳಿದರೆ ಮಾತು ಕಲಸಿಹೋಗಿ ಪ್ರಕರಣವೂ ಕೆಡುತ್ತದೆ, ಮಗುವೂ ನಲುಗುತ್ತದೆ.

ಮಕ್ಕಳಿಲ್ಲದ ದಂಪತಿ ಬಂದು ಕೂಸು ಕೇಳಿದರೆ ಕೊಡುವ ಅಧಿಕಾರ ನಿಮಗಿಲ್ಲ. ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪ್ರಾಧಿಕಾರ ಕಾರಾ (CARA) ವ್ಯವಸ್ಥೆಯ ಮೂಲಕವೇ ಆಗಬೇಕು.

ನೋಂದಣಿ, ದಾಖಲೆ ಬಲ್ಲವರು (ಮತ್ತೆ): ಮಗು ಬಂದ ತಿಂಗಳಲ್ಲೇ ಕಡತ ತೆರೆದು ಜನನ ಪ್ರಮಾಣಪತ್ರ, ಆಧಾರ್, ಅಪ್ಪ ಅಮ್ಮನ ಮರಣ ಪ್ರಮಾಣಪತ್ರದ ಕೆಲಸ ಹಿಡಿಯಿರಿ. ಹುಟ್ಟಿ ವರ್ಷ ಕಳೆದೂ ನೋಂದಣಿಯಾಗದಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಹತ್ತನೇ ತರಗತಿಯಲ್ಲಿ ಹೆಸರು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಇದೆ ಅಂತ ಗೊತ್ತಾದರೆ ತಿದ್ದಲು ಹೊತ್ತಿರುವುದಿಲ್ಲ. ಹಾಗಾಗಿ ಶಾಲೆಗೆ ಸೇರಿಸುವ ದಿನವೇ ಎಲ್ಲ ಕಾಗದದ ಕಾಗುಣಿತ ಪಕ್ಕಪಕ್ಕ ಇಟ್ಟು ಓದಿ.