ಪದಚರ್ಚೆ: ವಿಡಿಯೊ ಎಡಿಟಿಂಗ್‌ನಲ್ಲಿ ‘ಸ್ಲೋ’ ಅಂದರೆ ಯಾವ ಸ್ಲೋ?

ಪ್ರಶ್ನೆ, ಹುಬ್ಬಳ್ಳಿಯಿಂದ:

ಮದುವೆ, ಮುಂಜಿವೆ, ನಾಟಕಗಳ ವಿಡಿಯೊ ಎಡಿಟ್ ಮಾಡುವವರು ಕಂಪ್ಯೂಟರ್ ಕೊಳ್ಳುವಾಗ ಏನೇನು ನೋಡಬೇಕು ಎಂಬುದರ ಮೇಲೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ತಯಾರಾಗುತ್ತಿದೆ. ಕರಡಿನಲ್ಲಿ ‘ಲ್ಯಾಗ್’, ‘ಸ್ಟಟರ್’, ‘ಫ್ರೀಜ್’ ಎಲ್ಲಕ್ಕೂ ‘ನಿಧಾನ’ ಎಂದೇ ಬಿದ್ದಿದೆ. ಸ್ಟುಡಿಯೊಗಳಲ್ಲಿ ಕೇಳುವ ಮಾತು ಮೂರು: ‘ಸ್ಲೋ ಐತಿ’, ‘ಜರ್ಕ್ ಹೊಡೀತೈತಿ’, ‘ಹ್ಯಾಂಗ್ ಆಗೈತಿ’. ಇವುಗಳ ಅರ್ಥ ಒಂದೆಯೋ, ಬೇರೆಯೋ? ‘ಸ್ಮೂತ್’ಗೆ ‘ನುಣುಪು’ ಎಂದಿರುವುದು ಸರಿಯೆ? ರೆಂಡರ್, ಪ್ರಾಕ್ಸಿಗಳಿಗೆ ಕನ್ನಡ ಬೇಕೆ? ತಿಳಿದವರು ಹೇಳಬೇಕು.

ಉತ್ತರ, ಧಾರವಾಡದಿಂದ:

ಬೇರೆ ಬೇರೆ. ಎಲ್ಲಕ್ಕೂ ‘ನಿಧಾನ’ ಎಂದು ಬರೆದರೆ ಓದಿದವನು ಹುಬ್ಬಳ್ಳಿಯ ಕೊಪ್ಪೀಕರ್ ರೋಡಿನ ಕಂಪ್ಯೂಟರ್ ಅಂಗಡಿಗೆ ಹೋಗಿ ‘ಮಷಿನ್ ಸ್ಲೋ ಐತ್ರಿ’ ಎನ್ನುತ್ತಾನೆ, ರ‍್ಯಾಮ್ ಹಾಕಿಸಿಕೊಂಡು ಬರುತ್ತಾನೆ, ಟೈಮ್‌ಲೈನ್ (ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಓಡುವುದು ಮೊದಲಿನ ಹಾಗೇ ಇರುತ್ತದೆ. ಮೂರು ಮಾತೂ ಮೂರು ಬಿಡಿಭಾಗದ ಕಡೆ ಬೆರಳು ಮಾಡುತ್ತವೆ.

‘ನುಣುಪು’ ತೆಗೆದುಹಾಕಿ, ಅದು ಮೈಗೆ ಹೇಳುವ ಮಾತು. ಓಟಕ್ಕೆ ನಮ್ಮಲ್ಲಿ ‘ಸಲೀಸು’ ಇದ್ದೇ ಇದೆ, ‘ಸರಾಗ’ವೂ ನಡೆಯುತ್ತದೆ. ಅರ್ಥವನ್ನು ಮಾತ್ರ ಲೆಕ್ಕದಲ್ಲಿ ಕೊಡಿ: ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊದಲ್ಲಿ ಒಂದೊಂದು ಫ್ರೇಮ್ ತಯಾರಾಗಲು 40 ಮಿಲಿಸೆಕೆಂಡ್ ಸಿಗುತ್ತದೆ, 50 ಫ್ರೇಮ್ ಇದ್ದರೆ 20. ಅಷ್ಟರೊಳಗೆ ಆದರೆ ಸಲೀಸು.

ಆಗದಿದ್ದರೆ ಧ್ವನಿ ಮುಂದೆ ಹೋಗುತ್ತದೆ, ಚಿತ್ರ ನಡುನಡುವೆ ಫ್ರೇಮ್ ಬಿಟ್ಟು ಹಾರುತ್ತದೆ. ‘ಜರ್ಕ್ ಹೊಡೀತೈತಿ’ ಎಂದರೆ ಇದು. ಬರಹಕ್ಕೆ ‘ಮುಗ್ಗರಿಸು’ ಒಪ್ಪುತ್ತದೆ. ಬೀಳುವುದಿಲ್ಲ, ತಡೆದು ಮತ್ತೆ ಓಡುತ್ತದೆ. ಕಾರಣ ಬಹುಮಟ್ಟಿಗೆ ಡಿಸ್ಕ್ ಅಲ್ಲ, ಡೀಕೋಡಿಂಗ್, ಎಂದರೆ ಒತ್ತಿಟ್ಟ ವಿಡಿಯೊವನ್ನು ಬಿಚ್ಚುವ ಕೆಲಸ. ಕ್ಯಾಮೆರಾಗಳು ವಿಡಿಯೊ ಒತ್ತಿಡುವ ಒಂದು ಬಗೆಯಾದ ಎಚ್.264ರ ಕಡತದಲ್ಲಿ ಪೂರ್ತಿ ಚಿತ್ರ ಇರುವುದು ಅಲ್ಲೊಂದು ಇಲ್ಲೊಂದು ಫ್ರೇಮಿನಲ್ಲಿ. ಉಳಿದವು ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಎಂಬುದನ್ನಷ್ಟೇ ಇಟ್ಟುಕೊಂಡಿರುತ್ತವೆ. ಹಿಂದಕ್ಕೆ ಒಂದು ಹೆಜ್ಜೆ ಸರಿಸಿದರೂ ಹಿಂದಿನ ಪೂರ್ತಿ ಫ್ರೇಮಿನಿಂದ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಈ ಕೆಲಸಕ್ಕೆಂದೇ ಇಂಟೆಲ್ ಚಿಪ್ಪಿನ ಗ್ರಾಫಿಕ್ಸ್ ಭಾಗದಲ್ಲಿ ಕ್ವಿಕ್ ಸಿಂಕ್ ಇದೆ. ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಬೇಕಾದ ಮಾತಿದು: ಇಂಟೆಲ್‌ನ ಐ5-12400 ಪ್ರೊಸೆಸರಿನಲ್ಲಿ ಅದು ಇದೆ, ಐ5-12400ಎಫ್‌ನಲ್ಲಿ ಇಲ್ಲ. ಕೊನೆಯ ‘ಎಫ್’ ಎಂದರೆ ಗ್ರಾಫಿಕ್ಸ್ ಇಲ್ಲದ್ದು. ಸ್ವಲ್ಪ ಅಗ್ಗ ಎಂದು ಅದನ್ನು ತಂದು, ಹಳೇ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿ, ಆಮೇಲೆ ಸಾಫ್ಟ್‌ವೇರ್ ಬೈಯುವುದು ಉಂಟು. ಕ್ಯಾಮೆರಾದಲ್ಲಿ ಎಚ್.264, 4:2:2, 10 ಬಿಟ್ (ಬಣ್ಣದ ವಿವರ ಹೆಚ್ಚು ಹಿಡಿಯುವ ಸೆಟ್ಟಿಂಗ್) ಇಟ್ಟು ಶೂಟ್ ಮಾಡಿದ್ದರೆ ಈ ಚಿಪ್ಪೂ ಕೈಬಿಡುತ್ತದೆ. ಆಗ ಪ್ರಾಕ್ಸಿಯೇ, ಎಂದರೆ ಮೂಲದ ಬದಲಿಗೆ ನಿಲ್ಲುವ ಹಗುರ ಕಡತವೇ ಗತಿ.

ಬಿಡಿ ಕ್ಲಿಪ್ ಸಲೀಸಾಗಿ ಓಡಿ, ಬಣ್ಣ ತಿದ್ದಿದ ಮೇಲೆ ಅಥವಾ ನಾಲ್ಕಾರು ಎಫೆಕ್ಟ್ ಹಾಕಿದ ಮೇಲೆ ಮುಗ್ಗರಿಸಿದರೆ ಮಾತ್ರ ಗ್ರಾಫಿಕ್ಸ್ ಕಾರ್ಡಿನ ಮಾತು ಬರುತ್ತದೆ. ಫುಲ್ ಎಚ್‌ಡಿಗೆ 4 ಜಿಬಿ ಮೆಮೊರಿಯ ಕಾರ್ಡ್ ಸಾಕು. ಎಫೆಕ್ಟ್ ಆಫ್ ಮಾಡಿ ಒಮ್ಮೆ ಓಡಿಸಿ ನೋಡಿದರೆ ಗೊತ್ತಾಗುವ ವಿಷಯ.

‘ಹ್ಯಾಂಗ್’ ಬೇರೆ. ಮೌಸ್ ಕೂಡ ಏಳದಂತೆ ಕೂತುಬಿಟ್ಟು, ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಶೇಕಡಾ 95ರ ಮೇಲಿದ್ದರೆ ರ‍್ಯಾಮ್ ತುಂಬಿ ಡಿಸ್ಕಿಗೆ ಚೆಲ್ಲುತ್ತಿದೆ ಎಂದರ್ಥ. ಎಚ್‌ಡಿಗೆ 16 ಜಿಬಿ ಬೇಕು, 8ರದ್ದು ಎರಡು ಕಡ್ಡಿ. ಹದಿನಾರರದ್ದೇ ಒಂದು ಹಾಕಿಸಿದರೆ ಮೆಮೊರಿಯ ದಾರಿ ಅರ್ಧವಾಗುತ್ತದೆ, ಚಿಪ್ಪಿನೊಳಗಿನ ಗ್ರಾಫಿಕ್ಸ್ ಅದೇ ದಾರಿಯಲ್ಲಿ ಓಡಾಡುವುದರಿಂದ ಪೆಟ್ಟು ಅದಕ್ಕೇ ಹೆಚ್ಚು.

ಉಳಿದದ್ದು ‘ಸ್ಲೋ’. ಪ್ರಾಜೆಕ್ಟ್ ತೆರೆಯಲು ತಡ, ಆಡಿಯೊ ಗೆರೆ ಮೂಡಲು ತಡ, ಎಂದರೆ ಡಿಸ್ಕ್. ವಿಂಡೋಸ್ ಮತ್ತು ಕ್ಯಾಶ್ (ಎಡಿಟಿಂಗ್ ಸಾಫ್ಟ್‌ವೇರ್ ಮಾಡಿಟ್ಟುಕೊಳ್ಳುವ ತಾತ್ಕಾಲಿಕ ಕಡತಗಳು) ಎಸ್‌ಎಸ್‌ಡಿಯಲ್ಲಿ, ಎಂದರೆ ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕಿನಲ್ಲಿರಲಿ. ಇದಕ್ಕೆ ‘ತಡ’ ಎನ್ನಿ.

ಉತ್ತರ, ಗದಗದಿಂದ:

ಮೇಲಿನ ಮಾತು ಒಪ್ಪಿಗೆ. ‘ಎಂಬಿ’ ಬಗ್ಗೆ ಯಾರೂ ಹೇಳಲಿಲ್ಲ, ದುಡ್ಡು ಹಾಳಾಗುವುದು ಅಲ್ಲೇ. ‘ನೂರು ಎಂಬಿ ಕ್ಯಾಮೆರಾ’ ಅಂತೀವಲ್ರಿ, ಅದು ಸೆಕೆಂಡಿಗೆ 100 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 12.5 ಮೆಗಾಬೈಟ್. ಡಿಸ್ಕಿನ ಡಬ್ಬಿ ಮೇಲಿನ ಎಂಬಿ ಮೆಗಾಬೈಟ್. ಆಡುವಾಗ ಎರಡೂ ‘ಎಂಬಿ’. ಹೀಗಾಗಿ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ಮೆಗಾಬೈಟಿಗಿಂತ ಹೆಚ್ಚು ಕೊಡುತ್ತಿದ್ದರೂ ‘ಸಾಲೂದಿಲ್ಲ’ ಅಂತ ತುಟ್ಟಿ ಎಸ್‌ಎಸ್‌ಡಿ ಹಾಕಿಸುತ್ತಾರೆ. ಒಂದೇ ಕ್ಯಾಮೆರಾದ ಕ್ಲಿಪ್ಪಿಗೆ ಅದು ಬೇಕಿಲ್ಲ. ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡಿಸುವಾಗ ಡಿಸ್ಕಿನ ಮುಳ್ಳು ನಾಲ್ಕು ಕಡೆ ಜಿಗಿಯಬೇಕಲ್ಲ, ಆಗ ಬೇಕು. ಎಕ್ಸ್‌ಟರ್ನಲ್ ಡಿಸ್ಕನ್ನು ಯುಎಸ್‌ಬಿ 2ರ ಕಿಂಡಿಗೆ ಚುಚ್ಚಿದರೆ 35 ಮೆಗಾಬೈಟ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಡಿಸ್ಕ್ ಎಷ್ಟೇ ಜೋರಿರಲಿ. ಕೈಪಿಡಿಯಲ್ಲಿ ‘ಮೆಗಾಬಿಟ್’, ‘ಮೆಗಾಬೈಟ್’ ಎಂದು ಪೂರ್ತಿ ಬರೆಯಿರಿ.

‘ರೆಂಡರ್’ಗೆ ಹೊಸ ಪದ ಬೇಡ. ‘ರೆಂಡರ್ ಹಚ್ಚಿ ಊಟಕ್ಕ ಹೋಗು’ ಅಂದರೆ ನಮ್ಮ ಕಡೆ ತಿಳಿಯದವರಿಲ್ಲ. ಆದರೆ ನೋಡುವಾಗ ಸಲೀಸಾಗಿ ಓಡಲೆಂದು ಫ್ರೇಮ್‌ಗಳನ್ನು ಮೊದಲೇ ತಯಾರಿಸಿಟ್ಟು ಟೈಮ್‌ಲೈನ್ ಮೇಲಿನ ಕೆಂಪು ಗೆರೆ ಹಸಿರಾಗಿಸುವುದಕ್ಕೂ, ಕೊನೆಗೆ ಕಡತ ಹೊರತೆಗೆಯುವುದಕ್ಕೂ ಅದೇ ಪದ ಬಳಸುತ್ತಾರೆ. ಎರಡನೆಯದನ್ನು ‘ಎಕ್ಸ್‌ಪೋರ್ಟ್’ ಎಂದೇ ಇಡಿ.

ಎಕ್ಸ್‌ಪೋರ್ಟ್ ಮೊದಲು ಜೋರಾಗಿ ಓಡಿ, ಹತ್ತು ನಿಮಿಷದ ಮೇಲೆ ಕುಂಟುವುದಕ್ಕೆ ಒಂದು ಮಾತು ಬೇಕು. ‘ಕಾದು ಕುಗ್ಗುವುದು’ ಎನ್ನಬಹುದೇನೋ. ಚಿಪ್ಪು 95–100 ಡಿಗ್ರಿ ಮುಟ್ಟಿತೆಂದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ, ಅದೂ ಮದುವೆ ಹಂಗಾಮಿನಲ್ಲೇ, ಇದು ಹೆಚ್ಚು. ಫ್ಯಾನಿನ ಧೂಳು ತೆಗೆದು, ಥರ್ಮಲ್ ಪೇಸ್ಟ್ ಬದಲಿಸಿ, ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟರೆ ಎಷ್ಟೋ ಸಲ ಹೊಸ ಪ್ರೊಸೆಸರಿನ ಖರ್ಚು ಉಳಿಯುತ್ತದೆ.

ಮರುಪ್ರಶ್ನೆ, ಹುಬ್ಬಳ್ಳಿಯಿಂದ:

ಬಹಳ ಉಪಕಾರ. ‘ಪ್ರಾಕ್ಸಿ’ಗೆ ಕರಡಿನಲ್ಲಿ ‘ನಕಲು’ ಎಂದಿದೆ. ಇರಲೋ, ತೆಗೆಯಲೋ?

ಉತ್ತರ, ಧಾರವಾಡದಿಂದ:

ತೆಗೆಯಿರಿ. ನಕಲು ಎಂದರೆ ಬ್ಯಾಕಪ್ ಎಂದುಕೊಂಡು, ಜಾಗ ಸಾಲದಾದಾಗ ಮೂಲವನ್ನೇ ಅಳಿಸುವವರಿದ್ದಾರೆ. ಪ್ರಾಕ್ಸಿ ಎಡಿಟ್ ಮಾಡುವಷ್ಟು ಹೊತ್ತು ಮೂಲದ ಬದಲಿಗೆ ನಿಲ್ಲುವ ಹಗುರ ಕಡತ. ಎಕ್ಸ್‌ಪೋರ್ಟ್ ಮೂಲದಿಂದಲೇ ಆಗಬೇಕು. ‘ಹಗುರ ಬದಲಿ’ ಎನ್ನಿ, ಅಥವಾ ಪ್ರಾಕ್ಸಿ ಎಂದೇ ಬಿಡಿ. ಪ್ರೊರೆಸ್ ಪ್ರಾಕ್ಸಿ (ಆ್ಯಪಲ್‌ನ ಒಂದು ವಿಡಿಯೊ ಬಗೆ) ಮಾಡಿದರೆ 1080, 25 ಫ್ರೇಮಿಗೆ ಸೆಕೆಂಡಿಗೆ 38 ಮೆಗಾಬಿಟ್, ಗಂಟೆಗೆ ಸುಮಾರು 17 ಜಿಬಿ. ಪ್ರತಿ ಫ್ರೇಮೂ ಪೂರ್ತಿ ಇರುವುದರಿಂದ ಕಡತ ದೊಡ್ಡದಾದರೂ ಬಿಚ್ಚುವುದು ಸುಲಭ. ‘ಹಗುರ’ ಎಂದದ್ದು ಪ್ರೊಸೆಸರಿಗೆ, ಡಿಸ್ಕಿಗಲ್ಲ. ಅಷ್ಟನ್ನು ಅಡಿಟಿಪ್ಪಣಿಯಲ್ಲಿ ಹಾಕಿಬಿಡಿ.