ಅರವತ್ತರ ನಂತರ ನಸುಕಿನ ದೂರದ ಓಟ: 14 ಕಿ.ಮೀ.ಯಿಂದ 21ಕ್ಕೆ ಹೋಗಬಹುದೇ?

ಪ್ರಶ್ನೆ: ಕೆರೆದಂಡೆ (ಮೈಸೂರು)

ನನಗೆ ಈಗ 61 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಕಾಲದ ಬಹುಪಾಲು ನಾನು ಓಡಿದವನಲ್ಲ. ನಿವೃತ್ತಿಗೆ ಎರಡು ವರ್ಷ ಮೊದಲು ರಕ್ತದಲ್ಲಿ ಸಕ್ಕರೆ ಏರತೊಡಗಿದೆ ಎಂದು ತಿಳಿದಾಗ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯಲು ಆರಂಭಿಸಿದೆ. ಒಂದು ದಿನ ಎರಡು ಮರಗಳ ನಡುವಿನ ದೂರವನ್ನು ಓಡಿದೆ, ಮರುವಾರ ನಾಲ್ಕು ಮರಗಳಷ್ಟು ಓಡಿದೆ, ಹೀಗೆ ಮೂರು ವರ್ಷಗಳಲ್ಲಿ ನನ್ನ ಭಾನುವಾರದ ಓಟ 14 ಕಿ.ಮೀ.ಗೆ ಬಂದು ನಿಂತಿದೆ. ಅಷ್ಟು ದೂರಕ್ಕೆ ಸುಮಾರು ಎರಡು ಗಂಟೆ ಬೇಕಾಗುತ್ತದೆ.

ಬೆಳಿಗ್ಗೆ ಐದಕ್ಕೆ ಮನೆ ಬಿಡುತ್ತೇನೆ. ಮೊದಲ ಮೂರು ಕಿ.ಮೀ.ಗಳಲ್ಲಿ ಸುಖವೇನೂ ಇಲ್ಲ; ಮೀನಖಂಡಗಳು ಬಿಗಿದಿರುತ್ತವೆ, ಮಂಡಿಗಳು ಎಣ್ಣೆ ಕಾಣದ ಬಾಗಿಲಿನಂತೆ ಮೊಂಡು ಹಿಡಿದಿರುತ್ತವೆ. ಆಮೇಲೆ, ಯಾವ ಹೆಜ್ಜೆಯಲ್ಲಿ ಎಂದು ಇಂದಿಗೂ ನನಗೆ ಗುರುತಿಸಲಾಗಿಲ್ಲ, ಉಸಿರೂ ಹೆಜ್ಜೆಯೂ ಒಂದೇ ತಾಳಕ್ಕೆ ಬೀಳುತ್ತವೆ. ಧನುರ್ಮಾಸದಲ್ಲಾದರೆ ಕೆರೆಯ ನೀರಿನಿಂದ ಹಬೆಯಂತೆ ಮಂಜು ಏಳುತ್ತಿರುತ್ತದೆ, ಹೆಜ್ಜಾರ್ಲೆಗಳು ಮರದ ತುದಿಯಲ್ಲಿ ಇನ್ನೂ ಕತ್ತು ಮಡಚಿಕೊಂಡೇ ಕುಳಿತಿರುತ್ತವೆ, ಚಾಮುಂಡಿ ಬೆಟ್ಟದ ಎಡಮಗ್ಗುಲಲ್ಲಿ ಆಕಾಶ ಕೆಂಪಡರುತ್ತದೆ. ಆ ಹೊತ್ತಿನಲ್ಲಿ ವಯಸ್ಸು ಮರೆತುಹೋಗುತ್ತದೆ ಎಂದರೆ ಪೂರ್ತಿ ನಿಜವಾಗದು. ನೆನಪಿದ್ದರೂ ಅದು ಹೊರೆಯೆನಿಸುವುದಿಲ್ಲ.

ಈಗ ಹಾಫ್ ಮ್ಯಾರಥಾನಿನ ದೂರವಾದ 21.1 ಕಿ.ಮೀ. ಓಡುವ ಆಸೆ ಹುಟ್ಟಿದೆ. ಹದಿನಾಲ್ಕರ ಕೊನೆಯಲ್ಲಿ ಮನೆಯ ಕಡೆ ತಿರುಗುವಾಗ ನಿಲ್ಲಲು ಮನಸ್ಸಾಗುವುದಿಲ್ಲ ಎಂಬುದಷ್ಟೇ ಅದಕ್ಕೆ ಕಾರಣ. ಮಕ್ಕಳಿಗೆ ಭಯವಾಗಿದೆ. ನಾನು ಕಂಡ ವೈದ್ಯರೊಬ್ಬರು ಮಂಡಿಯನ್ನು ಮುಟ್ಟಿಯೂ ನೋಡದೆ, ಈ ವಯಸ್ಸಿನಲ್ಲಿ ಓಡಿದಷ್ಟೂ ಮಂಡಿ ಸವೆಯುತ್ತದೆ ಎಂದುಬಿಟ್ಟರು. ನನಗಿಂತ ಹಿರಿಯ ಓಟಗಾರರು ಇಲ್ಲಿದ್ದರೆ ಕೇಳುತ್ತೇನೆ: ಮುಂದೆ ಹೋಗುವುದು ಸರಿಯೇ? ಈ ಸಂತೋಷವನ್ನು ಬಹುಕಾಲ ಉಳಿಸಿಕೊಳ್ಳಲು ನೀವು ಏನು ಮಾಡುತ್ತಿದ್ದೀರಿ?

ಉತ್ತರ 1: ಸಾಧನಕೇರಿ (ಧಾರವಾಡ)

ನಾನು 68ರ ಹೆಂಗಸು, ಓಡಲು ಆರಂಭಿಸಿ ಹದಿಮೂರು ವರ್ಷಗಳಾದವು. ನೀವು ಬರೆದ ಆ ಮೊದಲ ಮೂರು ಕಿ.ಮೀ.ಗಳ ಬಗ್ಗೆಯೇ ಮೊದಲು ಹೇಳಬೇಕು, ಏಕೆಂದರೆ ಅಲ್ಲಿಯೇ ಹಲವರು ಕೈಬಿಡುತ್ತಾರೆ. ಇಪ್ಪತ್ತೈದರ ಹುಡುಗಿಗೆ ಐದು ನಿಮಿಷದಲ್ಲಿ ಕಾವೇರುವ ಮೈಗೆ ನಮ್ಮ ವಯಸ್ಸಿನಲ್ಲಿ ಇಪ್ಪತ್ತು ನಿಮಿಷ ಬೇಕು. ನಾನು ಮನೆಯಿಂದ ಹೊರಟು ಹತ್ತು ನಿಮಿಷ ನಡೆಯುತ್ತೇನೆ, ಮುಂದಿನ ಹತ್ತು ನಿಮಿಷ ನಡಿಗೆಗಿಂತ ಸ್ವಲ್ಪವೇ ಮೇಲೆನಿಸುವ ಓಟದಲ್ಲಿ ಸಾಗುತ್ತೇನೆ, ವಿಶ್ವವಿದ್ಯಾಲಯದ ಆವರಣದ ಏರು ಹತ್ತುವಾಗ ಮಾತ್ರ ನಿಜವಾದ ಓಟ ಆರಂಭವಾಗುತ್ತದೆ. ಆ ಇಪ್ಪತ್ತು ನಿಮಿಷಗಳನ್ನು ನಷ್ಟವೆಂದು ಎಣಿಸುವುದನ್ನು ಬಿಟ್ಟ ಮೇಲೆಯೇ ನನಗೆ ನಸುಕು ಪೂರ್ತಿಯಾಗಿ ದಕ್ಕಿತು: ಅಂಗಳಗಳ ಪಾರಿಜಾತದ ಕಂಪು, ಮೊದಲು ಕೂಗುವ ಮಡಿವಾಳ ಹಕ್ಕಿ, ಕಸ ಗುಡಿಸಿ ನೀರು ಚಿಮುಕಿಸುವವರ ಸದ್ದು, ಇವೆಲ್ಲ ವೇಗವಾಗಿ ಓಡುವವರ ಕಿವಿಗೂ ಮೂಗಿಗೂ ಸಿಗುವಂಥವಲ್ಲ.

ದೂರ ಎಂಬುದು ಹಿರಿಯರದು ಎಂದೇ ನಾನು ನಂಬಿದ್ದೇನೆ. ವೇಗ ವಯಸ್ಸಿನೊಡನೆ ಇಳಿಯುತ್ತದೆ. ಬಹುಹೊತ್ತು ಸಮವಾಗಿ ಸಾಗುವ ಶಕ್ತಿ ಅಷ್ಟು ಬೇಗ ಇಳಿಯುವುದಿಲ್ಲ, ತಾಳ್ಮೆಯಂತೂ ಹೆಚ್ಚುತ್ತದೆ. ಕೆನಡಾದ ಎಡ್ ವಿಟ್ಲಾಕ್ 2003ರಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ, ಮ್ಯಾರಥಾನನ್ನು 2 ಗಂಟೆ 59 ನಿಮಿಷಗಳಲ್ಲಿ ಮುಗಿಸಿ, ಎಪ್ಪತ್ತು ದಾಟಿದವರಲ್ಲಿ ಮೂರು ಗಂಟೆಯೊಳಗೆ ಓಡಿದ ಮೊದಲಿಗರಾದರು. 2016ರಲ್ಲಿ, 85ರಲ್ಲಿ, ಅದೇ ದೂರವನ್ನು ನಾಲ್ಕು ಗಂಟೆಗೂ ಕಡಿಮೆ ಸಮಯದಲ್ಲಿ ಓಡಿದರು. ಅವರ ಸಮಯ ನಮ್ಮ ಕೈಗೆಟುಕುವುದಲ್ಲ, ಅಭ್ಯಾಸದ ರೀತಿ ಮಾತ್ರ ಎಟುಕುತ್ತದೆ. ಮಿಲ್ಟನ್ ಎಂಬ ಊರಿನಲ್ಲಿ ತಮ್ಮ ಮನೆಯ ಸಮೀಪದ ಸ್ಮಶಾನದ ದಾರಿಯಲ್ಲಿ ಅವರು ಗಂಟೆಗಟ್ಟಲೆ, ಕೆಲವೊಮ್ಮೆ ಮೂರು ಗಂಟೆಗಳವರೆಗೂ, ನಿಧಾನವಾಗಿ ಸುತ್ತು ಹಾಕುತ್ತಿದ್ದರು.

ನೀವು 21ಕ್ಕೆ ಹೋಗಿ, ಆದರೆ ಆರು ತಿಂಗಳು ತೆಗೆದುಕೊಳ್ಳಿ. ಎರಡು ವಾರಕ್ಕೊಮ್ಮೆ ಒಂದು ಕಿ.ಮೀ. ಸೇರಿಸಿ, ಪ್ರತಿ ನಾಲ್ಕನೆಯ ವಾರ ದೂರವನ್ನು ತಗ್ಗಿಸಿ. ಎಂಟು ನಿಮಿಷ ಓಡಿ ಒಂದು ನಿಮಿಷ ನಡೆಯುವುದು ನನ್ನ ಪದ್ಧತಿ. ಅದರಲ್ಲಿ ಯಾವ ಕೊರತೆಯೂ ಇಲ್ಲ. ವಾರಕ್ಕೆ ಎರಡು ದಿನ ಗೋಡೆ ಹಿಡಿದು ಹಿಮ್ಮಡಿ ಎತ್ತುವ ವ್ಯಾಯಾಮ, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವ ವ್ಯಾಯಾಮ ಮಾಡಲೇಬೇಕು. ಇದನ್ನು ಬಿಟ್ಟ ವರ್ಷ ನನ್ನ ಹಿಮ್ಮಡಿಯ ಸ್ನಾಯುರಜ್ಜು ಊದಿಕೊಂಡು ಶ್ರಾವಣದಿಂದ ದೀಪಾವಳಿಯವರೆಗೆ ಮನೆಯಲ್ಲಿ ಕುಳಿತಿದ್ದೆ. ನಸುಕಿಗೆ ಎಚ್ಚರವಾದರೂ ಹೊರಡಲಾಗದ ಆ ದಿನಗಳ ಸಂಕಟವನ್ನು ಮತ್ತೆ ಅನುಭವಿಸಲು ನಾನು ಸಿದ್ಧಳಿಲ್ಲ.

ಉತ್ತರ 2: ಕೀಲುವೈದ್ಯ (ಬೆಂಗಳೂರು)

ಮೂಳೆ ಮತ್ತು ಕೀಲುಗಳ ಚಿಕಿತ್ಸೆ ನನ್ನ ವೃತ್ತಿ. ಕಬ್ಬನ್ ಪಾರ್ಕಿನಲ್ಲಿ ಓಡುವುದು ನನ್ನ ದಿನಚರಿ. ಮಂಡಿಯ ಮೃದ್ವಸ್ಥಿ, ಅಂದರೆ ಮೂಳೆಗಳ ತುದಿಯ ನುಣುಪಾದ ಹೊದಿಕೆ, ಕಾರಿನ ಟೈರಿನಂತೆ ಉರುಳಿದಷ್ಟೂ ಸವೆಯುವ ವಸ್ತುವಲ್ಲ. ಅದಕ್ಕೆ ರಕ್ತನಾಳಗಳಿಲ್ಲ, ಹೆಜ್ಜೆಯ ಒತ್ತಡಕ್ಕೆ ಹಿಂಡಿ, ಒತ್ತಡ ಬಿಟ್ಟಾಗ ಕೀಲಿನ ದ್ರವವನ್ನು ಹೀರಿಕೊಂಡೇ ಅದು ಪೋಷಣೆ ಪಡೆಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 1984ರಿಂದ, 50 ದಾಟಿದ 538 ಓಟಗಾರರನ್ನು ಓಡದವರ ಜೊತೆ ಹೋಲಿಸುತ್ತ ಬಂದರು. 19 ವರ್ಷಗಳ ನಂತರ ನೋಡಿದಾಗ ಓಟಗಾರರಲ್ಲಿ ಶೇ. 15ರಷ್ಟು, ಓಡದವರಲ್ಲಿ ಶೇ. 34ರಷ್ಟು ಜನ ತೀರಿಕೊಂಡಿದ್ದರು. ಸ್ವಂತ ಕೆಲಸಗಳಿಗೂ ಕಷ್ಟಪಡುವ ಸ್ಥಿತಿ ಓಟಗಾರರಿಗೆ ಬಹಳ ತಡವಾಗಿ ಬಂದಿತ್ತು. ಅವರಲ್ಲೇ ಒಂದು ಸಣ್ಣ ಗುಂಪಿನ ಮಂಡಿಗಳ ಎಕ್ಸ್‌ರೇಗಳನ್ನು ಸುಮಾರು ಎರಡು ದಶಕ ಪರಿಶೀಲಿಸಿದಾಗ ಓಟದಿಂದ ಸಂಧಿವಾತ ಹೆಚ್ಚಿದ್ದು ಕಾಣಲಿಲ್ಲ. ಆರೋಗ್ಯವಂತರೇ ಓಟವನ್ನು ಆರಿಸಿಕೊಳ್ಳುತ್ತಾರೆ ಎಂಬುದೂ ಈ ಅಂತರಕ್ಕೆ ಒಂದು ಕಾರಣವಿರಬಹುದು. ಈಗಾಗಲೇ ಊತವೋ ಗಾಯವೋ ಇರುವ ಮಂಡಿಯ ಮಾತು ಬೇರೆ. ಆದ್ದರಿಂದ ಮುಟ್ಟಿ ಪರೀಕ್ಷಿಸುವ ವೈದ್ಯರಿಗೆ ಒಮ್ಮೆ ತೋರಿಸಿ.

ನನಗೆ ಮಂಡಿಗಿಂತ ಹೆಚ್ಚಿನ ಕಾಳಜಿ ಹೃದಯದ್ದು. ಎಚ್ಚರವಾದ ಮೊದಲ ಕೆಲವು ಗಂಟೆಗಳಲ್ಲಿ ರಕ್ತದೊತ್ತಡ ಏರುತ್ತದೆ, ಹೃದಯಾಘಾತಗಳೂ ಬೆಳಗಿನ ಹೊತ್ತಿನಲ್ಲೇ ಹೆಚ್ಚು. ಸಕ್ಕರೆಯ ಇತಿಹಾಸವಿರುವ ನೀವು ದೂರ ಹೆಚ್ಚಿಸುವ ಮೊದಲು ಇಸಿಜಿ ಹಾಗೂ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಖಾಲಿ ಹೊಟ್ಟೆಯಲ್ಲಿ ಎರಡು ಗಂಟೆ ಓಡುವ ವಿಚಾರವನ್ನು ವೈದ್ಯರೊಡನೆ ಮಾತನಾಡಿಯೇ ನಿರ್ಧರಿಸಬೇಕು. ಎದೆ ಬಿಗಿತ, ಎಂದಿಲ್ಲದ ಏದುಸಿರು, ತಲೆ ಹಗುರವಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಯೇ ನಿಲ್ಲಿ. ನಿಮ್ಮ ವಯಸ್ಸಿಗೆ ಗರಿಷ್ಠ ಹೃದಯ ಬಡಿತ ನಿಮಿಷಕ್ಕೆ 165ರ ಆಸುಪಾಸು ಎಂಬುದು ಒಂದು ಅಂದಾಜು. ಗಡಿಯಾರ ನೋಡುವ ಅಗತ್ಯವಿಲ್ಲ, ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಸಾಧ್ಯವಿದ್ದರೆ ನಿಮ್ಮ ವೇಗ ಸರಿಯಾಗಿದೆ ಎಂದರ್ಥ.

ಉತ್ತರ 3: ಕಡಲತೀರ (ಉಡುಪಿ)

ನನಗೆ 73. ಮೂರು ಹಾಫ್ ಮ್ಯಾರಥಾನ್ ಓಡಿ ಈಗ 8 ಕಿ.ಮೀ.ಗೆ ಇಳಿದಿದ್ದೇನೆ, ಹಾಗಾಗಿ ನನ್ನ ಅಭಿಪ್ರಾಯ ಸ್ವಲ್ಪ ಭಿನ್ನ. 21 ಓಡಿ, ಆದರೆ ಅದನ್ನು ಉಳಿಸಿಕೊಳ್ಳಲೇಬೇಕೆಂಬ ಹಟ ಬೇಡ. ಪಂಜಾಬ್ ಮೂಲದ ಓಟಗಾರ ಫೌಜಾ ಸಿಂಗ್ 2000ದಲ್ಲಿ, 89ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿದರು, ನೂರರಲ್ಲಿ ಟೊರೊಂಟೊದಲ್ಲಿ ಓಡಿದರು. 2013ರಲ್ಲಿ ಹಾಂಗ್‌ಕಾಂಗಿನಲ್ಲಿ 10 ಕಿ.ಮೀ. ಓಡಿ ಸ್ಪರ್ಧೆಗಳಿಂದ ನಿವೃತ್ತರಾದರು. ಕಳೆದ ಬಾರಿಯ ದೂರವನ್ನು ದಾಟಲೇಬೇಕೆಂದು ಓಡಿದ ವರ್ಷಗಳಲ್ಲಿ ನನಗೆ ಮಲ್ಪೆಯ ಕಡಲು ಕಾಣಿಸಿದ್ದೇ ಕಡಿಮೆ. ಈಗ ಒದ್ದೆ ಮರಳಿನ ಮೇಲೆ, ದೋಣಿಗಳ ದೀಪಗಳನ್ನು ನೋಡುತ್ತ ಓಡುತ್ತೇನೆ.

ಇನ್ನೊಂದು ಮಾತು. ಅದೇ ಫೌಜಾ ಸಿಂಗ್ 2025ರ ಜುಲೈನಲ್ಲಿ ತಮ್ಮ ಊರಿನ ಬಳಿ ರಸ್ತೆ ದಾಟುವಾಗ ವಾಹನ ಬಡಿದು ತೀರಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಕತ್ತಲಿನಲ್ಲಿ ಹೊರಡುವ ನೀವು ಬೆಳಕು ಪ್ರತಿಫಲಿಸುವ ಅಂಗಿ ತೊಡಿ, ವಾಹನಗಳಿಗೆ ಎದುರಾಗಿ ಓಡಿ, ಮನೆಯವರ ಫೋನ್ ಸಂಖ್ಯೆ ಬರೆದ ಚೀಟಿ ಜೇಬಿನಲ್ಲಿರಲಿ.

ಕೆರೆದಂಡೆ (ಮೈಸೂರು)

ಮೂವರಿಗೂ ಕೃತಜ್ಞತೆಗಳು. ಟ್ರೆಡ್‌ಮಿಲ್ ಪರೀಕ್ಷೆಗೆ ಗುರುವಾರದ ದಿನ ನಿಗದಿಯಾಗಿದೆ. ಮಗಳೇ ಜೊತೆಗೆ ಬರುತ್ತೇನೆಂದಿದ್ದಾಳೆ, ಸ್ಟ್ಯಾನ್‌ಫರ್ಡಿನವರ ವಿಚಾರವನ್ನು ಅವಳಿಗೆ ಎರಡು ಬಾರಿ ಓದಿ ಹೇಳಿದ್ದೇನೆ. ಇಂದು ಸಾಧನಕೇರಿಯವರು ಹೇಳಿದಂತೆ ಹತ್ತು ನಿಮಿಷ ನಡೆದು, ಹತ್ತು ನಿಮಿಷ ಮೆಲ್ಲಗೆ ಸಾಗಿ ಓಟ ಆರಂಭಿಸಿದೆ. ಮಾನಸಗಂಗೋತ್ರಿಯ ಒಳದಾರಿಯಲ್ಲಿ ಆಕಾಶಮಲ್ಲಿಗೆ ಬಿದ್ದು ನೆಲ ಬೆಳ್ಳಗಾಗಿತ್ತು. ಮೂರು ವರ್ಷಗಳಿಂದ ಓಡುತ್ತಿರುವ ದಾರಿಯಲ್ಲಿ ಆ ಮರ ಇರುವುದು ನನಗೆ ಇವತ್ತೇ ತಿಳಿಯಿತು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.